ಒಂದರಲ್ಲಿ ಮುಗಿಯುವ ಸಮಸಂಖ್ಯೆ!

ಸಂಖ್ಯೆಯೊಂದನ್ನು ಕೊಟ್ಟರೆ ಅದರ ಜಾತಕವನ್ನೇ ಬಿಚ್ಚಿಡುವ ಆ್ಯಪ್ ಇದು. ಅವಿಭಾಜ್ಯವೇ, ಅಪವರ್ತನಗಳೆಷ್ಟು, ವರ್ಗ ಸಂಖ್ಯೆಯೇ, ದ್ವಿಮಾನ ರೂಪವೇನು, ಎಲ್ಲವೂ ಒಂದೇ ಪರದೆಯಲ್ಲಿ. ಗಣಿತ ಪಾಠ ಹೇಳುವವಳು ನಾನು. ಪ್ರಶ್ನೆಪತ್ರಿಕೆಗೆ ದೊಡ್ಡ ಸಂಖ್ಯೆಗಳು ಬೇಕಾಗುತ್ತವೆಂದು ಮೊಬೈಲಿಗೆ ಹಾಕಿಕೊಂಡೆ.

ಮೊದಲ ದಿನ ಖುಷಿಯೋ ಖುಷಿ. 4294967297 ಎಂದು ಒತ್ತಿದೆ. 2ರ 32ನೇ ಘಾತಕ್ಕೆ ಒಂದು ಕೂಡಿಸಿದರೆ ಬರುವ ಇದನ್ನು ಗಣಿತಜ್ಞ ಫರ್ಮಾ ಅವಿಭಾಜ್ಯವೆಂದೇ ನಂಬಿದ್ದ. 1732ರಲ್ಲಿ ಆಯ್ಲರ್ ಅದನ್ನು ಒಡೆದು ತೋರಿಸಿದ. ಆ್ಯಪ್ ರೆಪ್ಪೆ ಮಿಟುಕಿಸುವಷ್ಟರಲ್ಲಿ 641 × 6700417 ಎಂದಿತು. 735134400 ಕೊಟ್ಟರೆ 1344 ಅಪವರ್ತನಗಳು ಎಂದಿತು, ಅದೂ ಸರಿ. ನೂರು ಕೋಟಿಯೊಳಗೆ ಯಾವ ಸಂಖ್ಯೆಗೂ ಇದಕ್ಕಿಂತ ಹೆಚ್ಚು ಅಪವರ್ತನಗಳಿಲ್ಲ. ಆದರೆ ಅಷ್ಟನ್ನೂ ಒಂದರ ಕೆಳಗೊಂದು ಸುರಿಯುತ್ತದೆ. ತುದಿ ಮುಟ್ಟುವಷ್ಟರಲ್ಲಿ ಹೆಬ್ಬೆರಳು ಸೋತುಹೋಗುತ್ತದೆ.

ಬಣ್ಣ ಬಯಲಾದದ್ದು 12345678987654321ರಲ್ಲಿ. ಒಂಬತ್ತು ಒಂದುಗಳನ್ನು ಸಾಲಾಗಿ ಬರೆದು ವರ್ಗ ಮಾಡಿದರೆ ಬರುವ ಸಂಖ್ಯೆ, ಮಕ್ಕಳಿಗೆ ಬಲು ಇಷ್ಟ. ಆ್ಯಪ್ ಮಾತ್ರ 'ವರ್ಗ ಸಂಖ್ಯೆ ಅಲ್ಲ' ಎಂದಿತು. ನಾನೇ ತಪ್ಪು ಒತ್ತಿದೆನೇನೋ ಎಂದು ಮತ್ತೆ ಒತ್ತಿದೆ. ಅದೇ ಉತ್ತರ, ಪಕ್ಕದಲ್ಲಿ ಹಸಿರು ಅಕ್ಷರಗಳಲ್ಲಿ 'ಸಮಸಂಖ್ಯೆ'. ಒಂದರಲ್ಲಿ ಮುಗಿಯುವುದು ಸಮಸಂಖ್ಯೆಯೇ? ಪರದೆಯ ಮೇಲ್ತುದಿಯ ತಲೆಬರಹದಲ್ಲಿ ನನ್ನ ಸಂಖ್ಯೆ ನೋಡಿದರೆ ಕೊನೆಯ 1 ಸದ್ದಿಲ್ಲದೆ 0 ಆಗಿ ಕೂತಿದೆ. ಒಂದೇ ಸೊನ್ನೆಯಲ್ಲಿ ಮುಗಿಯುವುದು ವರ್ಗ ಸಂಖ್ಯೆಯಾಗಲಾರದು, ಅಲ್ಲಿಗೆ ಅದರ ತರ್ಕವೇನೋ ಸರಿಯೇ. ಬೇರೆ ಸಂಖ್ಯೆಗೆ, ಅಷ್ಟೇ!

ಕಾರಣ ಅಲ್ಲೇ ಹೊಳೆಯಿತು. ಒಳಗಿನ ಲೆಕ್ಕ 53 ಬಿಟ್‌ಗಳಷ್ಟನ್ನೇ, ಅಂದರೆ ದ್ವಿಮಾನದ 53 ಅಂಕಿಗಳಷ್ಟನ್ನೇ, ನಿಖರವಾಗಿ ಹಿಡಿದಿಡುವ 'ಫ್ಲೋಟಿಂಗ್ ಪಾಯಿಂಟ್' ಎಂಬ ಮಾದರಿಯಲ್ಲಿ ನಡೆಯುತ್ತಿರಬೇಕು. ಅದರಲ್ಲಿ 2ರ 53ನೇ ಘಾತ ದಾಟಿದ ಬೆಸಸಂಖ್ಯೆಗಳಿಗೆ ಜಾಗವೇ ಇಲ್ಲ. ಗಡಿಯನ್ನೇ ಪರೀಕ್ಷಿಸಿದೆ. 9007199254740993 ಕೊಟ್ಟೆ. 2ನ್ನು 53 ಸಲ ಗುಣಿಸಿದ್ದು, 54 ಅಪವರ್ತನಗಳು ಎಂದು ರಾಜಗಾಂಭೀರ್ಯದಿಂದ ಉತ್ತರಿಸಿತು. ಅದು ಇದಕ್ಕಿಂತ ಒಂದು ಕಡಿಮೆಯಿರುವ ಸಂಖ್ಯೆಯ ಜಾತಕ. ನಾನು ಕೊಟ್ಟದ್ದರ ಅಂಕಿಗಳ ಮೊತ್ತ 78, ಅಂದರೆ 3ರಿಂದ ಭಾಗವಾಗುತ್ತದೆ; ಕಾಗದದ ಮೇಲೆ ಮುಂದುವರಿಸಿದರೆ 107ರಿಂದಲೂ ಆಗುತ್ತದೆ.

ಮಿತಿ ಇರುವುದಕ್ಕೆ ನನ್ನ ತಕರಾರಿಲ್ಲ, ಯಾವ ಯಂತ್ರಕ್ಕಿಲ್ಲ ಹೇಳಿ. 'ಇಷ್ಟು ದೊಡ್ಡದು ನನ್ನಿಂದಾಗದು' ಎಂಬ ಒಂದು ಸಾಲು ಬೇಡವೇ? ವಿವರಣೆಯಲ್ಲಿ ಬೇರೆ 'ಎಷ್ಟೇ ದೊಡ್ಡ ಸಂಖ್ಯೆಯಾದರೂ' ಎಂದು ಕೊಚ್ಚಿಕೊಂಡಿದ್ದಾರೆ. ತಯಾರಕರಿಗೆ ಬರೆದರೆ, ತೆಗೆದು ಮತ್ತೆ ಹಾಕಿಕೊಳ್ಳಿ ಎಂಬ ಉತ್ತರ ಬಂತು. ಹಾಗೂ ಮಾಡಿದೆ. 1 ಮತ್ತೆ 0 ಆಯಿತು.

ಐದರಲ್ಲಿ ಎರಡು ನಕ್ಷತ್ರ. ಹದಿನೈದು ಅಂಕಿಗಳವರೆಗೆ ಧೈರ್ಯವಾಗಿ ಬಳಸಿ. ಅದರಾಚೆ ಹೋಗುವುದಾದರೆ ಉತ್ತರ ಓದುವ ಮೊದಲು ತಲೆಬರಹದಲ್ಲಿರುವುದು ನೀವು ಕೊಟ್ಟ ಸಂಖ್ಯೆಯೇ ಎಂದು ನೋಡಿಕೊಳ್ಳಿ.