ಪೆಟ್ರೋಲ್ ಬದಲಿಸಿದ ಮೇಲೆ ಇಸಿಯು ರೀಸೆಟ್: ಬ್ಯಾಟರಿ ಬಿಚ್ಚಿ ನೋಡಿದೆ, ಸ್ಕ್ಯಾನರ್ ಹಚ್ಚಿ ನೋಡಿದೆ, ಸುಮ್ನೆ ಬಿಟ್ಟೂ ನೋಡಿದೆ

ನನ್ನದು 2016ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೊ ಪೆಟ್ರೋಲ್, 105 ಪಿಎಸ್, 7 ಸ್ಪೀಡ್ ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಇದೇ ಪುಣೆಯ ಚಾಕಣದಲ್ಲಿ ತಯಾರಾದ ಗಾಡಿ. ಮನೆ ಕೋಥ್ರೂಡ್‌ನಲ್ಲಿ, ಅವ್ವ ಇರುವುದು ಬೆಳಗಾವಿಯಲ್ಲಿ. ಹಾಗಾಗಿ ತಿಂಗಳಿಗೊಮ್ಮೆ ಹೈವೇ ಓಟ ಇದ್ದೇ ಇರುತ್ತದೆ.

ದಿನಾ ಆಫೀಸಿಗೆ ಹೋಗಲು ಮಾಮೂಲಿ ಪೆಟ್ರೋಲ್. ಊರಿಗೆ ಹೊರಟಾಗ ಮಾತ್ರ ಒಮ್ಮೊಮ್ಮೆ ಎಕ್ಸ್‌ಪಿ100, ಅಂದರೆ ಇಂಡಿಯನ್ ಆಯಿಲ್‌ನ ಪ್ರೀಮಿಯಂ ಪೆಟ್ರೋಲ್, ಹಾಕಿಸುತ್ತೇನೆ. ಹೋದ ವರ್ಷ ಒಂದು ವರ್ಕ್‌ಶಾಪ್‌ನಲ್ಲಿ ಸರ್ವಿಸ್‌ಗೆ ಬಿಟ್ಟಾಗ ಈ ಮಾತು ಬಂತು. ಪೆಟ್ರೋಲ್ ಬದಲಿಸಿದಾಗಲೆಲ್ಲ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಕಲಿತದ್ದನ್ನೆಲ್ಲ ಅಳಿಸಿ ರೀಸೆಟ್ ಮಾಡಿಸಲೇಬೇಕು, ಇಲ್ಲದಿದ್ದರೆ ಹಾಕಿದ ದುಡ್ಡು ನೀರಿಗೆ ಹೋದ ಹಾಗೆ ಅಂದರು. ಒಂದು ರೀಸೆಟ್‌ಗೆ 1,200 ರೂಪಾಯಿ. ನಾನು ಮಾಡಿಸಲಿಲ್ಲ, ಆದರೆ ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು. ಆಮೇಲೆ ನಮ್ಮ ಏರಿಯಾದಲ್ಲಿ ವಿಜಯಪುರ ಕಡೆಯ ಒಬ್ಬ ಮೆಕ್ಯಾನಿಕ್ ಇದ್ದಾನಲ್ಲ, ಅವನನ್ನು ಕೇಳಿದೆ. "ಅದಕ್ಯಾಕ್ರೀ ಸಾವಿರ ರೂಪಾಯಿ? ಹತ್ತು ನಂಬರ್ ಪಾನಾ ತಗೊಂಡು ಬ್ಯಾಟರಿ ನೆಗೆಟಿವ್ ಬಿಚ್ಚಿ ಇಡ್ರೀ ಅಣ್ಣಾರ, ಎಲ್ಲಾ ಮರ್ತ ಬಿಡ್ತೈತಿ" ಅಂದ.

ಇಬ್ಬರೂ ಹೇಳಿದ್ದನ್ನು ಮಾಡಿಯೇ ನೋಡೋಣ ಅಂತ ನವೆಂಬರ್‌ನಿಂದ ಜನವರಿವರೆಗೆ ಮೂರು ಟ್ರಿಪ್ ಬಳಸಿಕೊಂಡೆ. ಮೊದಲ ಸಲ ಏನೂ ಮಾಡಲಿಲ್ಲ. ಎರಡನೇ ಸಲ ಬ್ಯಾಟರಿ ಬಿಚ್ಚಿದೆ. ಮೂರನೇ ಸಲ ಸ್ಕ್ಯಾನರ್‌ನಿಂದ ಅಳಿಸಿದೆ. ನಡುವೆ ಪ್ರತಿ ಸಲ ಎರಡು ಟ್ಯಾಂಕ್ ಮಾಮೂಲಿ ಪೆಟ್ರೋಲ್ ಓಡಿಸಿ ಗಾಡಿಯನ್ನು ಮೊದಲಿನ ಸ್ಥಿತಿಗೆ ತಂದೆ. ಮೂರೂ ಸಲ ಹೊರಟಿದ್ದು ಬೆಳಗಿನ ಐದೂವರೆಗೆ, ಚಳಿಯಲ್ಲೇ. ಕಾಕಾನ ಮಗ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತು ಲಾಗ್ ತೆಗೆದ. ಓಡಿಸುವವರೇ ಅದನ್ನು ನೋಡಲು ಹೋಗಬೇಡಿ, ಖಂಡಿತ ಬೇಡ.

ಒಂದು ವಿಷಯ ಮೊದಲೇ ಬಿಡಿಸಿ ಹೇಳಬೇಕು, ಏಕೆಂದರೆ ರೀಸೆಟ್ ಬಗ್ಗೆ ಜನ ಜಗಳ ಮಾಡುವಾಗ ಇದನ್ನೇ ಕಲಸಿಬಿಡುತ್ತಾರೆ. ಇಸಿಯು ಪೆಟ್ರೋಲ್ ವಿಷಯದಲ್ಲಿ ಎರಡು ಬೇರೆ ಬೇರೆ ಪಾಠ ಕಲಿಯುತ್ತದೆ. ಒಂದು ಸ್ಪಾರ್ಕ್ ಟೈಮಿಂಗ್. ಇಂಜಿನ್ ಬ್ಲಾಕಿಗೆ ಬೋಲ್ಟ್ ಹಾಕಿದ ನಾಕ್ ಸೆನ್ಸರ್ ಇರುತ್ತದೆ, ಒಳಗೆ ನಾಕಿಂಗ್ ಆದರೆ, ಅಂದರೆ ಪೆಟ್ರೋಲ್ ಮಿಶ್ರಣ ತಾನಾಗಿಯೇ ಹೊತ್ತಿ ಬಡಿದರೆ, ಆ ಅದುರನ್ನು ಅದು ಹಿಡಿಯುತ್ತದೆ, ಇಸಿಯು ಕೂಡಲೇ ಆ ಸಿಲಿಂಡರ್‌ನ ಸ್ಪಾರ್ಕನ್ನು ಕೆಲವು ಡಿಗ್ರಿ ಹಿಂದಕ್ಕೆ ಎಳೆಯುತ್ತದೆ. ನಾಕಿಂಗ್ ನಿಂತರೆ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತರುತ್ತಾ ಹೋಗುತ್ತದೆ. ಆಕ್ಟೇನ್‌ಗೆ, ಅಂದರೆ ಪೆಟ್ರೋಲ್‌ನ ನಾಕಿಂಗ್ ತಡೆಯುವ ಗುಣಕ್ಕೆ, ಸಂಬಂಧ ಇರುವುದು ಇದಕ್ಕೆ. ಇನ್ನೊಂದು ಫ್ಯುಯೆಲ್ ಟ್ರಿಮ್, ಅಂದರೆ ಗಾಳಿಗೆ ತಕ್ಕ ಹಾಗೆ ಪೆಟ್ರೋಲ್ ಎಷ್ಟು ಹೆಚ್ಚು ಕಡಿಮೆ ಚಿಮ್ಮಿಸಬೇಕು ಅನ್ನುವ ಲೆಕ್ಕ. ಇದಕ್ಕೂ ಆಕ್ಟೇನ್‌ಗೂ ನೇರ ಸಂಬಂಧವೇ ಇಲ್ಲ. ಇದನ್ನು ಅಲ್ಲಾಡಿಸುವುದು ಎಥನಾಲ್.

ನಮ್ಮಲ್ಲಿ ಗ್ರೇಡ್ ಬದಲಿಸಿದರೆ ಎರಡೂ ಒಟ್ಟಿಗೆ ಬದಲಾಗುತ್ತವೆ, ಮಜಾ ಇರುವುದೇ ಅಲ್ಲಿ. ಮಾಮೂಲಿ ಬಂಕ್ ಪೆಟ್ರೋಲ್ ಈಗ ಇ20 (20% ಎಥನಾಲ್ ಬೆರೆತದ್ದು), ಆಕ್ಟೇನ್ 95. ಎಕ್ಸ್‌ಪಿ100ರ ಆಕ್ಟೇನ್ 100, ಅದರಲ್ಲಿ ಎಥನಾಲ್ ಬೆರೆಸುವುದಿಲ್ಲ. ಒಂದು ಕೆಜಿ ಶುದ್ಧ ಪೆಟ್ರೋಲ್ ಸರಿಯಾಗಿ ಸುಡಲು 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಕೆಜಿ ಸಾಕು. 20% ಬೆರೆತಾಗ ಅದು 13.5ರ ಹತ್ತಿರ ಬರುತ್ತದೆ. ಅಂದರೆ ಅಷ್ಟೇ ಗಾಳಿಗೆ ಇ20 ಸುಮಾರು 7ರಿಂದ 8% ಜಾಸ್ತಿ ಚಿಮ್ಮಿಸಬೇಕು. ನನ್ನ ಗಾಡಿಯಲ್ಲಿ ಮಾಮೂಲಿ ಪೆಟ್ರೋಲ್ ಇದ್ದಾಗ ಲಾಂಗ್ ಟರ್ಮ್ ಟ್ರಿಮ್ (ಇಸಿಯು ಕಲಿತು ನೆನಪಿಟ್ಟುಕೊಂಡ ತಿದ್ದುಪಡಿ) +6%ರ ಆಸುಪಾಸು ನಿಲ್ಲುತ್ತದೆ, ಅದು ಈ ಲೆಕ್ಕಕ್ಕೆ ಸರಿಯಾಗಿಯೇ ಕೂರುತ್ತದೆ. (ಇದೇ ಕಾರಣಕ್ಕೆ ಎಕ್ಸ್‌ಪಿ95 ಹಾಕಿದರೆ ನನಗೆ ಯಾವ ಬದಲಾವಣೆಯೂ ಕಾಣಲಿಲ್ಲ. ಅದೂ ಇ20, ಆಕ್ಟೇನೂ ಅದೇ. ಅದಕ್ಕೆ ರೀಸೆಟ್ ಮಾಡಿಸುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.)

ಮೂರೂ ಸಲ ರಿಸರ್ವ್ ಲೈಟ್ ಬಂದ ಮೇಲೆಯೇ ತುಂಬಿಸಿದ್ದು. 45 ಲೀಟರ್ ಟ್ಯಾಂಕ್, ಒಳಗೆ 7 ಲೀಟರ್ ಹಳೆಯದು ಉಳಿದಿತ್ತು ಅಂದುಕೊಂಡರೆ, 38 ಲೀಟರ್ ಹೊಸದು ಸೇರಿದ ಮೇಲೆ ಎಥನಾಲ್ 3% ಮಾತ್ರ ಉಳಿಯುತ್ತದೆ. ಅರ್ಧ ಟ್ಯಾಂಕ್ ಇರುವಾಗ 10 ಲೀಟರ್ ಪ್ರೀಮಿಯಂ ಹಾಕಿ ರೀಸೆಟ್ ಮಾಡುವವರನ್ನು ನೋಡಿದ್ದೇನೆ, ಅದರಿಂದ ಏನೂ ಆಗುವುದಿಲ್ಲ. 38 ಲೀಟರ್‌ಗೆ ಆರು ಸಾವಿರ ದಾಟಿತು, ಲೀಟರ್‌ಗೆ 160ರ ಹತ್ತಿರ. ಪುಣೆಯಲ್ಲೇ ಎಲ್ಲಾ ಬಂಕಿನಲ್ಲಿ ಸಿಗುವುದಿಲ್ಲ, ಹುಡುಕಿಕೊಂಡು ಹೋಗಬೇಕು.

ಅಳೆದಿದ್ದು ಎರಡು ಕಡೆ. ಮೊದಲನೆಯದು ನವಲೆ ಬ್ರಿಜ್ ದಾಟಿ ಕಾತ್ರಜ್ ಹೊಸ ಟನೆಲ್‌ವರೆಗಿನ ಏರು, ಮನೆಯಿಂದ ಹೊರಟ ಸ್ವಲ್ಪ ಹೊತ್ತಿಗೇ ಸಿಗುತ್ತದೆ. ಎರಡನೆಯದು ಖಂಬಾಟ್ಕಿ ಘಾಟ್. ಎರಡೂ ಕಡೆ ಮ್ಯಾನುಯಲ್ ಮೋಡ್‌ನಲ್ಲಿ ಮೂರನೇ ಗೇರ್, 2,000 ಆರ್‌ಪಿಎಂನಿಂದ ಪೆಡಲ್ ಮುಕ್ಕಾಲು ಒತ್ತಿ ಎಳೆಸಿದೆ. ಮಾಮೂಲಿ ಪೆಟ್ರೋಲ್‌ನಲ್ಲಿ ಇದೇ ಏರುಗಳಲ್ಲಿ ಟೈಮಿಂಗ್ 3 ಡಿಗ್ರಿಯಷ್ಟು ಹಿಂದೆ ಎಳೆಯುತ್ತಿತ್ತು.

ಸುಮ್ನೆ ಬಿಟ್ಟಾಗ ಆದದ್ದು ಹೀಗೆ. ಬಂಕಿನಿಂದ ಮನೆಗೆ ಬರುವ ದಾರಿಯಲ್ಲೇ ಶಾರ್ಟ್ ಟರ್ಮ್ ಟ್ರಿಮ್ ‑6, ‑7 ತೋರಿಸತೊಡಗಿತು. ಲಾಂಗ್ ಟರ್ಮ್ ಇನ್ನೂ +6 ಅಂತಲೇ ಕೂತಿದೆ. ಒಂದು ಹಳೆಯ ಪಾಠ, ಇನ್ನೊಂದು ಅದನ್ನು ಆ ಕ್ಷಣಕ್ಕೆ ತಿದ್ದುತ್ತಿದೆ, ಎರಡೂ ಕೂಡಿದರೆ ಸೊನ್ನೆ. ಅಂದರೆ ಇಂಜಿನ್ ಒಳಗೆ ಮಿಶ್ರಣ ಮೊದಲ ಕಿಲೋಮೀಟರ್‌ನಿಂದಲೇ ಸರಿಯಾಗಿತ್ತು. ಸ್ಕ್ರೀನ್ ಮೇಲಿನ ಆ +6 ನೋಡಿ ಗಾಡಿ ತಪ್ಪು ಲೆಕ್ಕದಲ್ಲಿ ಓಡುತ್ತಿದೆ ಅಂತ ಗಾಬರಿ ಆಗಬೇಕಿಲ್ಲ. ಬೆಳಿಗ್ಗೆ ಕಾತ್ರಜ್ ಏರಿನಲ್ಲಿ ಲಾಂಗ್ ಟರ್ಮ್ +3ಕ್ಕೆ ಇಳಿದಿತ್ತು, ಟೈಮಿಂಗ್ ಮೊದಲ ಎಳೆತದಲ್ಲಿ 1 ಡಿಗ್ರಿಯಷ್ಟು ಹಿಂದೆ ಇತ್ತು, ಟನೆಲ್ ಬಾಯಿಗೆ ಬರುವಷ್ಟರಲ್ಲಿ ಹತ್ತಿರ ಹತ್ತಿರ ಸೊನ್ನೆ. ಖಂಬಾಟ್ಕಿಯಲ್ಲಿ ನಾಲ್ಕೂ ಸಿಲಿಂಡರ್ ಸೊನ್ನೆ, ಟ್ರಿಮ್ ಕೂಡ ಸೊನ್ನೆಯ ಅಕ್ಕಪಕ್ಕ. ಮುಟ್ಟದೆ, ಬಿಚ್ಚದೆ, 65 ಕಿಲೋಮೀಟರ್ ಒಳಗೆ ಗಾಡಿ ತಾನೇ ಎಲ್ಲಾ ಕಲಿತುಬಿಟ್ಟಿತ್ತು.

ಡಿಸೆಂಬರ್‌ನಲ್ಲಿ ಬ್ಯಾಟರಿ. ರಾತ್ರಿ ಪಾರ್ಕಿಂಗ್‌ನಲ್ಲಿ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ನೆಗೆಟಿವ್ ಬಿಚ್ಚಿ, ವೈರ್ ಮತ್ತೆ ತಾಗದಿರಲಿ ಅಂತ ಬಟ್ಟೆ ಸುತ್ತಿ, ಅರ್ಧ ಗಂಟೆ ಬಿಟ್ಟೆ. ತಿರುಗಿ ಹಾಕಿದಾಗ ಗಡಿಯಾರ 12:00. ಕಿಟಕಿ ಒಂದೇ ಒತ್ತಿಗೆ ಪೂರ್ತಿ ಏರುತ್ತಿದ್ದುದು ನಿಂತಿದೆ. ಡ್ಯಾಶ್‌ಬೋರ್ಡ್‌ನಲ್ಲಿ ಸ್ಟೀರಿಂಗ್ ಮತ್ತು ಇಎಸ್‌ಪಿ (ಗಾಡಿ ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ) ಲೈಟು. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಸ್ವಲ್ಪ ನೇರವಾಗಿ ಓಡಿಸಿದ ಮೇಲೆ ಅವು ಆರಿದವು, ಕಿಟಕಿಗೆ ಬಟನ್ ಒತ್ತಿ ಹಿಡಿದು ಮತ್ತೆ ಕಲಿಸಬೇಕಾಯಿತು. ಐಡಲ್ ಒಂದೆರಡು ನಿಮಿಷ ಏರಿಳಿಯಿತು. ಇಷ್ಟೆಲ್ಲಾ ಆದ ಮೇಲೆ ಲ್ಯಾಪ್‌ಟಾಪ್ ಹಚ್ಚಿ ನೋಡಿದರೆ ಲಾಂಗ್ ಟರ್ಮ್ ಟ್ರಿಮ್ +5! ಹಳೆಯ ಪಾಠ ಹಾಗೇ ಇದೆ.

ಕಾರಣ ಸರಳ. ಹಳೆಯ ಕಾರುಗಳಲ್ಲಿ ಕಲಿತದ್ದೆಲ್ಲ ಬ್ಯಾಟರಿ ಕರೆಂಟ್ ಇರುವವರೆಗೆ ಮಾತ್ರ ಉಳಿಯುವ ಮೆಮೊರಿಯಲ್ಲಿ ಇರುತ್ತಿತ್ತು, ವೈರ್ ತೆಗೆದರೆ ಮರೆಯುತ್ತಿತ್ತು. ಈಗಿನ ಬಹಳಷ್ಟು ಇಸಿಯುಗಳು ಕರೆಂಟ್ ಇಲ್ಲದೆಯೂ ಅಳಿಯದ ಮೆಮೊರಿಯಲ್ಲಿ ಬರೆದಿಡುತ್ತವೆ. ನಮ್ಮ ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ, ಅವನು ಕೆಲಸ ಕಲಿತ ಗಾಡಿಗಳಿಗೆ ಅದು ನಿಜ. ನನ್ನ ಗಾಡಿಯಲ್ಲಿ ಮಾತ್ರ ಮರೆಯಬಾರದ್ದೆಲ್ಲ ಮರೆತು, ಮರೆಯಬೇಕಾದ್ದು ಉಳಿಯಿತು. ಕಾತ್ರಜ್ ಮತ್ತು ಖಂಬಾಟ್ಕಿಯ ಅಂಕಿಗಳು ನವೆಂಬರ್‌ನವೇ ಅನ್ನುವಷ್ಟು ಒಂದೇ. ಮೂರರಲ್ಲಿ ನಾನು ಮತ್ತೆ ಮಾಡದಿರುವುದು ಇದೊಂದೇ.

ಜನವರಿಯಲ್ಲಿ ಸ್ಕ್ಯಾನರ್. ಗೆಳೆಯನ ಹತ್ತಿರ ವಿಸಿಡಿಎಸ್ ಕೇಬಲ್ (ಫೋಕ್ಸ್‌ವ್ಯಾಗನ್ ಗಾಡಿಗಳನ್ನು ಲ್ಯಾಪ್‌ಟಾಪ್‌ನಲ್ಲಿ ಓದುವ ಸ್ಕ್ಯಾನರ್) ಇದೆ, ಲಾಗ್ ತೆಗೆದಿದ್ದೂ ಅದರಲ್ಲೇ. ಸಾವಿರ ರೂಪಾಯಿ ಒಳಗೆ ಸಿಗುವ ಬ್ಲೂಟೂತ್ ಒಬಿಡಿ ಡಾಂಗಲ್ (ಗಾಡಿಯ ಸ್ಕ್ಯಾನರ್ ಪೋರ್ಟಿಗೆ ಚುಚ್ಚುವಂಥದ್ದು) ಕೂಡ ದೋಷದ ಕೋಡ್ ಅಳಿಸುತ್ತದೆ, ಟ್ರಿಮ್ ತೋರಿಸುತ್ತದೆ, ಆದರೆ ಸಿಲಿಂಡರ್‌ಗೆ ಎಷ್ಟು ಡಿಗ್ರಿ ಹಿಂದೆ ಎಳೆದಿದೆ ಅನ್ನುವುದು ಸಾಮಾನ್ಯವಾಗಿ ಅದರಲ್ಲಿ ಸಿಗುವುದಿಲ್ಲ, ಬರೀ ಒಟ್ಟು ಟೈಮಿಂಗ್ ಕಾಣುತ್ತದೆ. ಇಂಜಿನ್ ಕೋಡ್ ಅಳಿಸಿದ ಕೂಡಲೇ ನನ್ನ ಗಾಡಿಯಲ್ಲಿ ಟ್ರಿಮ್ ಸೊನ್ನೆಗೆ ಬಂತು. ಎರಡು ನಿಮಿಷದ ಕೆಲಸ, ಗಡಿಯಾರ ಕಿಟಕಿ ಎಲ್ಲಾ ಹಾಗೇ ಇತ್ತು. ಗೇರ್‌ಬಾಕ್ಸ್‌ನದ್ದನ್ನು ಮುಟ್ಟಲಿಲ್ಲ, ನೀವೂ ಮುಟ್ಟಬೇಡಿ, ಡಿಎಸ್‌ಜಿ ಕ್ಲಚ್ ಕಲಿತದ್ದಕ್ಕೂ ಪೆಟ್ರೋಲ್‌ಗೂ ಸಂಬಂಧವಿಲ್ಲ.

ಕಾತ್ರಜ್ ಏರಿನಲ್ಲಿ ಮೊದಲ ಎಳೆತದಿಂದಲೇ ಟೈಮಿಂಗ್ ಸೊನ್ನೆ. ಅಂದರೆ ಸುಮ್ನೆ ಬಿಟ್ಟಾಗ ಟನೆಲ್ ಬಾಯಿಗೆ ಬಂದು ಸಿಕ್ಕಿದ್ದು ಇಲ್ಲಿ ಒಂದೆರಡು ಕಿಲೋಮೀಟರ್ ಮೊದಲೇ ಸಿಕ್ಕಿತು. ಅಷ್ಟೇ. ಖಂಬಾಟ್ಕಿಗೆ ಬಂದಾಗ ಮೂರೂ ಲಾಗ್ ಒಂದರ ಮೇಲೆ ಒಂದು ಇಟ್ಟರೆ ಯಾವುದು ಯಾವ ತಿಂಗಳದ್ದು ಅಂತ ಕಾಕಾನ ಮಗನಿಗೂ ಹೇಳಲಾಗಲಿಲ್ಲ. ಗಾಡಿ ಎಳೆಯುವುದರಲ್ಲಿ ಮಾಮೂಲಿ ಪೆಟ್ರೋಲ್‌ಗೂ ಇದಕ್ಕೂ ವ್ಯತ್ಯಾಸ ಇದೆ, ಏರಿನಲ್ಲಿ ಲಾರಿ ದಾಟುವಾಗ ನನಗೆ ಚೆನ್ನಾಗಿಯೇ ಗೊತ್ತಾಯಿತು. ಅದು ಪೆಟ್ರೋಲ್ ಕೊಟ್ಟಿದ್ದು, ರೀಸೆಟ್ ಕೊಟ್ಟಿದ್ದಲ್ಲ.

ರೀಸೆಟ್ ಮಾಡಿದ ಮೇಲೆ ಪಿಕಪ್ ಜಾಸ್ತಿ ಆಯಿತು ಅಂತ ಬಹಳ ಜನ ಹೇಳುತ್ತಾರೆ, ಅಲ್ವಾ? ಅವರು ಸುಳ್ಳು ಹೇಳುವುದಿಲ್ಲ. ಹೊಸ ಪೆಟ್ರೋಲ್ ಮತ್ತು ರೀಸೆಟ್ ಒಂದೇ ದಿನ ನಡೆದರೆ ಯಾವುದರಿಂದ ಏನಾಯಿತು ಅಂತ ಬೇರ್ಪಡಿಸಲು ಆಗುವುದೇ ಇಲ್ಲ.

ಈಗ ವಾಪಸ್ ಇಳಿಯುವ ಕಥೆ. 100ರಿಂದ ಮಾಮೂಲಿಗೆ ಬರುವಾಗ ರೀಸೆಟ್ ಮಾಡುವುದು ಸುಮ್ನೆ ವ್ಯರ್ಥ ಮಾತ್ರ ಅಲ್ಲ, ಕೆಟ್ಟದ್ದು ಅನ್ನುತ್ತೇನೆ. ಜನವರಿ ಟ್ರಿಪ್ ಮುಗಿದು ಮಾಮೂಲಿ ಪೆಟ್ರೋಲ್ ತುಂಬಿಸಿ, ಎರಡು ದಿನ ಊರಲ್ಲೇ ಓಡಿಸಿ, ಆಮೇಲೆ ಬೇಕಂತಲೇ ಕೋಡ್ ಅಳಿಸಿದೆ. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಇಂಜಿನ್ ಒಂದು ಸಲ ತಡವರಿಸಿತು, ಆರ್‌ಪಿಎಂ ಮುಳ್ಳು ಕುಸಿದು ಎದ್ದಿತು. ಆಕ್ಸಿಜನ್ ಸೆನ್ಸರ್ ಬಿಸಿಯಾಗುವವರೆಗೆ ಇಸಿಯುಗೆ ಹಳೆಯ ಪಾಠವೇ ಆಧಾರ, ಅದನ್ನು ನಾನೇ ಅಳಿಸಿದ್ದೆ, ಇ20ಗೆ ಬೇಕಾದ ಆ 6% ಸಿಗಲಿಲ್ಲ. ಅದಾದರೂ ಸರಿ. ಕಾತ್ರಜ್ ಏರಿನಲ್ಲಿ 1,500 ಆರ್‌ಪಿಎಂನಲ್ಲಿ ಪೆಡಲ್ ಒತ್ತಿದಾಗ ತಗಡಿನ ಡಬ್ಬಿಯಲ್ಲಿ ನಾಲ್ಕು ಕಡಲೆ ಹಾಕಿ ಅಲ್ಲಾಡಿಸಿದ ಹಾಗೆ ಒಂದು ಸದ್ದು ಬಂತು. ಒಂದೇ ಒಂದು ಸೆಕೆಂಡ್. ಲಾಗ್‌ನಲ್ಲಿ ಮೂರನೇ ಸಿಲಿಂಡರ್ ಒಮ್ಮೆಲೇ 4 ಡಿಗ್ರಿ ಹಿಂದಕ್ಕೆ ಹೋಗಿತ್ತು. ಟೈಮಿಂಗ್ ಎಲ್ಲಿ ತಡೆದು ನಿಲ್ಲಬೇಕು ಅಂತ ಅದಕ್ಕೆ ಮತ್ತೆ ಏಟು ತಿಂದೇ ಕಲಿಯಬೇಕಾಯಿತು. ಪಿಸ್ಟನ್ ಮೇಲೆ ಆ ಏಟು ಬೀಳುವುದು ನನಗೆ ಸಹಿಸಲಾಗದ ವಿಷಯ. ಟರ್ಬೊ ಗಾಡಿಯಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಹಾಗೆ ಒತ್ತುವುದೇ ತಪ್ಪು, ಪ್ರಯೋಗಕ್ಕೆ ಅಂತ ಒಮ್ಮೆ ಒತ್ತಿದೆ, ಇನ್ನು ಒತ್ತುವುದಿಲ್ಲ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲ್‌ಗಿಂತ ಲೀಟರ್‌ಗೆ ಮೂರನೇ ಒಂದು ಭಾಗದಷ್ಟು ಕಡಿಮೆ, ಹಾಗಾಗಿ ಎಥನಾಲ್ ಇಲ್ಲದ ಪೆಟ್ರೋಲ್‌ನಲ್ಲಿ 6-7% ಮೈಲೇಜ್ ಜಾಸ್ತಿ ಬರಬೇಕು. ಬೆಲೆ ಮಾತ್ರ ಒಂದೂವರೆ ಪಟ್ಟು. ಮೈಲೇಜ್‌ಗಾಗಿ ಎಕ್ಸ್‌ಪಿ100 ಹಾಕಿಸುವುದರಲ್ಲಿ ಅರ್ಥವಿಲ್ಲ. ನಾನು ಘಾಟ್‌ನ ಖುಷಿಗೆ ಹಾಕಿಸುತ್ತೇನೆ. 100 ಆಕ್ಟೇನ್‌ಗೆ ಅಂತಲೇ ರೀಮ್ಯಾಪ್ ಮಾಡಿಸಿದ (ಇಸಿಯು ಸಾಫ್ಟ್‌ವೇರ್ ಬದಲಿಸಿದ) ಗಾಡಿ ಇದ್ದರೆ ಈ ಹೋಲಿಕೆ ನಿಮಗಲ್ಲ. ಅಲ್ಲಿ ಕಡಿಮೆ ಗ್ರೇಡ್ ಹಾಕುವುದಾದರೆ ಮ್ಯಾಪ್ ಬದಲಿಸಬೇಕು, ಟ್ಯೂನ್ ಮಾಡಿದವರನ್ನೇ ಕೇಳಿ.

ಸ್ಕ್ಯಾನರ್‌ನಿಂದ ಅಳಿಸುವ ಮೊದಲು ಒಂದು ಕೆಲಸ ತಪ್ಪದೆ ಮಾಡಿ. ಒಳಗೆ ಇರುವ ಕೋಡ್ ಮತ್ತು ಟ್ರಿಮ್ ಎರಡನ್ನೂ ಫೋಟೊ ತೆಗೆದಿಟ್ಟುಕೊಳ್ಳಿ. ಅಳಿಸಿದರೆ ಫ್ರೀಜ್ ಫ್ರೇಮ್ (ದೋಷ ಬಂದ ಕ್ಷಣದ ದಾಖಲೆ) ಸಮೇತ ಹೋಗುತ್ತದೆ, ರೆಡಿನೆಸ್ ಮಾನಿಟರ್‌ಗಳೆಲ್ಲ (ಇಸಿಯು ತಾನೇ ಮಾಡಿಕೊಳ್ಳುವ ತಪಾಸಣೆಗಳು) ಮತ್ತೆ ಮೊದಲಿಂದ ಓಡಬೇಕು, ನನ್ನದಕ್ಕೆ ಮೂರು ದಿನ ಹಿಡಿಯಿತು. ಇದನ್ನು ಇಷ್ಟು ಒತ್ತಿ ಹೇಳುವುದು ನಮ್ಮ ಸೊಸೈಟಿಯ ಒಬ್ಬ ಕಾಕಾನ ಗಾಡಿ ನೋಡಿದ ಮೇಲೆ. ಅವರದೂ ಟರ್ಬೊ ಪೆಟ್ರೋಲ್. ಪಿಕಪ್ ಇಲ್ಲ ಅಂತ ಹೋದಾಗಲೆಲ್ಲ ಒಂದು ಗ್ಯಾರೇಜಿನಲ್ಲಿ "ಪೆಟ್ರೋಲ್ ಸರಿ ಇಲ್ಲ" ಅಂತ ರೀಸೆಟ್ ಮಾಡಿ ಕಳಿಸುತ್ತಿದ್ದರು, ನಾಲ್ಕು ದಿನ ಚೆನ್ನಾಗಿರುತ್ತಿತ್ತು, ಆಮೇಲೆ ಅದೇ ಹಾಡು. ಭಾನುವಾರ ನನ್ನ ಡಾಂಗಲ್ ಹಚ್ಚಿ ನೋಡಿದರೆ ಲಾಂಗ್ ಟರ್ಮ್ +16. ಇ20 ಎಷ್ಟೇ ಮಾಡಿದರೂ ಅಷ್ಟು ಮೇಲೆ ಹೋಗುವುದಿಲ್ಲ, ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬರುತ್ತಿರಬೇಕು. ಬಾನೆಟ್ ಎತ್ತಿ ವಿಜಯಪುರದ ನಮ್ಮ ಹುಡುಗ ರಬ್ಬರ್ ಪೈಪುಗಳ ಮೇಲೆ ಒಂದೊಂದಾಗಿ ಬೆರಳಾಡಿಸುತ್ತಾ ಹೋದ. ಇನ್‌ಟೇಕ್ ಪೈಪಿನ ಕೆಳಬದಿ, ಕ್ಲಿಪ್ಪಿನ ಪಕ್ಕದಲ್ಲಿ, ಉಗುರಿನಷ್ಟು ಉದ್ದದ ಸೀಳು. ಪೈಪ್ ಮಡಿಸಿದಾಗ ಮಾತ್ರ ಬಾಯಿ ಬಿಡುತ್ತಿತ್ತು. ನಾನಾ ಪೇಠ್‌ನಿಂದ ಹೊಸ ಪೈಪ್ ತಂದು ಹಾಕಿದ ಮೇಲೆ ಟ್ರಿಮ್ ತಾನೇ +5ಕ್ಕೆ ಇಳಿಯಿತು. ಅವತ್ತು ಯಾರೂ ರೀಸೆಟ್ ಬಟನ್ ಮುಟ್ಟಲಿಲ್ಲ.