ಎದೆಪಟ್ಟಿ, ವಾಚು, ಮೊಬೈಲು: ಎಚ್‌ಆರ್‌ವಿ ನೋಡಲು ಯಾವುದು?

ನಾಡಿ ನಿಮಿಷಕ್ಕೆ 60 ಎಂದರೆ ಸೆಕೆಂಡಿಗೊಂದು ಬಡಿತ ಎಂದಲ್ಲ. ಒಂದು ಅಂತರ 960 ಮಿಲಿಸೆಕೆಂಡ್, ಮುಂದಿನದು 1,030 ಇರಬಹುದು. ಈ ಹೆಚ್ಚುಕಡಿಮೆಯೇ ಎಚ್‌ಆರ್‌ವಿ (ಹಾರ್ಟ್ ರೇಟ್ ವೇರಿಯಬಿಲಿಟಿ). ಮೂರೂ ಸಾಧನಗಳನ್ನು ಒಟ್ಟಿಗೇ ಹಚ್ಚಿ ನೋಡಿದರೆ ಸರಾಸರಿ ನಾಡಿಯಲ್ಲಿ ಅಂಥ ವ್ಯತ್ಯಾಸವಿಲ್ಲ. ಎಚ್‌ಆರ್‌ವಿಯಲ್ಲಿ ಮಾತ್ರ ಮೂರೂ ಮೂರು ದಾರಿ ಹಿಡಿಯುತ್ತವೆ.

ಪೋಲಾರ್ ಎಚ್10 ಥರದ ಎದೆಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಅದರ ತುದಿ ಚೂಪು, ಹಾಗಾಗಿ ಬಡಿತದ ಕ್ಷಣ ಖಚಿತ. ಎಲೆಕ್ಟ್ರೋಡ್ ಒದ್ದೆ ಮಾಡಿ, ಎದೆಯ ಸ್ನಾಯುವಿನ ಕೆಳಗೆ ಬಿಗಿಯಾಗಿ ಕಟ್ಟಬೇಕು. ಒಣಗಿದ್ದರೆ ನಡುನಡುವೆ ಬಡಿತ ತಪ್ಪುತ್ತದೆ. ದಿನಾ ಬೆಳಗ್ಗೆ ಕಟ್ಟಿಕೊಳ್ಳುವುದು ಬೇಜಾರಿನ ಕೆಲಸ, ನಿಜ.

ವಾಚು ಹಸಿರು ಬೆಳಕಿನಲ್ಲಿ ರಕ್ತದ ಅಲೆ ನೋಡುತ್ತದೆ. ಅಲೆಯ ತುದಿ ಮೊಂಡು, ಕೈ ಅಲುಗಿದರೆ ಲೆಕ್ಕ ಕೆಟ್ಟಿತು. ನಿದ್ದೆಯಲ್ಲಿ ಪರವಾಗಿಲ್ಲ. ಆದರೆ ಆಪಲ್ ವಾಚ್ ತೋರಿಸುವುದು ಎಸ್‌ಡಿಎನ್‌ಎನ್ (ಎಲ್ಲ ಅಂತರಗಳೂ ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಲೆಕ್ಕ), ಗಾರ್ಮಿನ್ ತೋರಿಸುವುದು ರಾತ್ರಿಯ ಆರ್‌ಎಂಎಸ್‌ಎಸ್‌ಡಿ (ಒಂದು ಅಂತರಕ್ಕೂ ಅದರ ಮುಂದಿನದಕ್ಕೂ ಎಷ್ಟು ವ್ಯತ್ಯಾಸ ಎಂಬ ಲೆಕ್ಕ). ಲೆಕ್ಕವೇ ಬೇರೆ, ಗೆಳೆಯರ ವಾಚಿನ ಜೊತೆ ಹೋಲಿಸಿ ಪ್ರಯೋಜನವಿಲ್ಲ.

ಬೆರಳಿಟ್ಟು ಅಳೆಯುವ ಮೊಬೈಲ್ ಕ್ಯಾಮೆರಾಕ್ಕೆ ಖರ್ಚಿಲ್ಲ. ಸೆಕೆಂಡಿಗೆ 30 ಚೌಕಟ್ಟು ಎಂದರೆ ಎರಡರ ನಡುವೆ 33 ಮಿಲಿಸೆಕೆಂಡ್. ಉಳಿದದ್ದು ಆ್ಯಪ್‌ನ ಅಂದಾಜು. ಬೆರಳು ತಣ್ಣಗಿದ್ದರೂ, ಒತ್ತಿ ಹಿಡಿದರೂ ಅಲೆ ಸಿಗುವುದಿಲ್ಲ.

ಅವಧಿಯ ವಿಷಯ ಯಾರೂ ಗಮನಿಸುವುದಿಲ್ಲ. ನಿಜವಾದ ಆರ್‌ಎಂಎಸ್‌ಎಸ್‌ಡಿ 30 ಮಿಲಿಸೆಕೆಂಡ್, ನಾಡಿ 60 ಎಂದುಕೊಳ್ಳಿ. ಒಂದೇ ಒಂದು ಅಕಾಲ ಬಡಿತದಿಂದ ಅಂತರಗಳು 1,000, 650, 1,300, 1,000 ಆದರೆ ಒಂದು ನಿಮಿಷದ ಅಳತೆ 107ರ ಸುತ್ತ ಜಿಗಿಯುತ್ತದೆ, ಐದು ನಿಮಿಷದ್ದು 55ಕ್ಕೆ. ಅದಕ್ಕೇ ಕಚ್ಚಾ ಅಂತರಗಳನ್ನು ತೋರಿಸಿ ಕೆಟ್ಟದ್ದನ್ನು ತೆಗೆಯಲು ಬಿಡುವ ಆ್ಯಪ್ ಬೇಕು. ಎದೆಪಟ್ಟಿಯಲ್ಲಿ ಇದು ಸಲೀಸು.

ಹಾಗಾಗಿ ನಮ್ಮ ಆಯ್ಕೆ ಎದೆಪಟ್ಟಿ: ಎದ್ದು, ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮೊದಲು, ಕೂತು ಐದು ನಿಮಿಷ, ಸಹಜ ಉಸಿರಾಟದಲ್ಲಿ. ಬೇಕೆಂದೇ ನಿಧಾನ ಉಸಿರಾಡಿದರೆ ಸಂಖ್ಯೆ ಉಬ್ಬುತ್ತದೆ. ಸೋಮಾರಿಗಳಿಗೆ ರಾತ್ರಿಯ ವಾಚು, ಅದೂ ವಾರದ ಸರಾಸರಿ ಮಾತ್ರ.

‘ಎಚ್‌ಆರ್‌ವಿ 50ಕ್ಕಿಂತ ಕಡಿಮೆಯಿದ್ದರೆ ಅಪಾಯ’ ಎಂದು ಓದಿ ಗಾಬರಿಯಾಗಬೇಡಿ. ಅದು 1987ರಲ್ಲಿ ಪ್ರಕಟವಾದ, ಹೃದಯಾಘಾತವಾದವರ ಅಧ್ಯಯನದ್ದು, 24 ಗಂಟೆಯ ಹೋಲ್ಟರ್‌ನ (ಮೈಗೆ ಕಟ್ಟಿಕೊಂಡು ಓಡಾಡುವ ಇಸಿಜಿ ಯಂತ್ರ) ಎಸ್‌ಡಿಎನ್‌ಎನ್. ಬೆಳಗಿನ ಐದು ನಿಮಿಷಕ್ಕೆ ಹೊಂದುವುದಿಲ್ಲ. ವಯಸ್ಸಾದಂತೆ ಸಂಖ್ಯೆ ಇಳಿಯುವುದೂ ಸಹಜ. ಇದ್ದಕ್ಕಿದ್ದಂತೆ ದುಪ್ಪಟ್ಟಾಗಿ ಅಲ್ಲೇ ನಿಂತರೆ ಹಿಗ್ಗಬೇಡಿ: ಹೃದಯದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್‌ನಲ್ಲೂ ಹಾಗೇ ಆಗುತ್ತದೆ, ಇಸಿಜಿ ಮಾಡಿಸಿ.