ಮೂಲ ಆಜ್ಞೆಗಳು ಸ್ಟ್ಯಾಟಿಕ್ ಆಗಿರಬೇಕೋ ಡೈನಾಮಿಕ್ ಆಗಿರಬೇಕೋ: ಎರಡು ಬಿಎಸ್‌ಡಿಗಳ ಹೋಲಿಕೆ

2004ರ ಜನವರಿಯಲ್ಲಿ ಹೊರಬಂದ ಫ್ರೀಬಿಎಸ್‌ಡಿ 5.2ರಿಂದ ‘/ಬಿನ್’ ಮತ್ತು ‘/ಎಸ್‌ಬಿನ್’ ಕೋಶಗಳ ಮೂಲ ಆಜ್ಞೆಗಳು ಡೈನಾಮಿಕ್ ಲಿಂಕಿಂಗ್‌ಗೆ ಬದಲಾದವು; ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್ ಕಡತವನ್ನು (ಲೈಬ್ರರಿ) ಓಡುವಾಗ ಹೊರಗಿನಿಂದ ಜೋಡಿಸಿಕೊಳ್ಳತೊಡಗಿದವು. (ಬಿಎಸ್‌ಡಿಗಳು ಯುನಿಕ್ಸ್ ಕುಟುಂಬದ ಕಾರ್ಯಾಚರಣಾ ವ್ಯವಸ್ಥೆಗಳು.) ಅದೇ ವರ್ಷದ ಡಿಸೆಂಬರಿನಲ್ಲಿ ನೆಟ್‌ಬಿಎಸ್‌ಡಿ 2.0 ಕೂಡ ಅದೇ ದಾರಿ ಹಿಡಿಯಿತು. ಓಪನ್‌ಬಿಎಸ್‌ಡಿ ಮಾತ್ರ ಇಂದಿಗೂ ಈ ಆಜ್ಞೆಗಳನ್ನು ಸ್ಟ್ಯಾಟಿಕ್ ಆಗಿಯೇ, ಅಂದರೆ ಬೇಕಾದ ಲೈಬ್ರರಿ ಕೋಡನ್ನು ಆಜ್ಞೆಯ ಒಳಗೇ ಸೇರಿಸಿ, ಇಟ್ಟುಕೊಂಡಿದೆ. ಎರಡು ಹಳೆಯ ಲ್ಯಾಪ್‌ಟಾಪ್‌ಗಳ ಪೈಕಿ ಒಂದರಲ್ಲಿ ಫ್ರೀಬಿಎಸ್‌ಡಿ 13 ಅನ್ನೂ ಇನ್ನೊಂದರಲ್ಲಿ ಓಪನ್‌ಬಿಎಸ್‌ಡಿಯನ್ನೂ ಹಾಕಿ, ಈ ವ್ಯತ್ಯಾಸ ದಿನನಿತ್ಯದ ಕೆಲಸದಲ್ಲಿ ಎಷ್ಟರ ಮಟ್ಟಿಗೆ ಅನುಭವಕ್ಕೆ ಬರುತ್ತದೆ ಎಂಬುದನ್ನು ನೋಡಿದೆ.

ಮೊದಲು ಹಾಳುಗೆಡವುವ ಪ್ರಯೋಗ. ಫ್ರೀಬಿಎಸ್‌ಡಿಯಲ್ಲಿ ‘/ಲಿಬ್’ ಕೋಶದಲ್ಲಿರುವ ಸಿ ಲೈಬ್ರರಿಯ ಹೆಸರು ಬದಲಿಸಲು ಹೊರಟಾಗ, ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿದ್ದರೂ ಅನುಮತಿ ಸಿಗಲಿಲ್ಲ. ಆ ಕಡತಕ್ಕೆ ‘ಬದಲಿಸಕೂಡದು’ ಎಂಬ ಗುರುತು ಹಾಕಿರುತ್ತಾರೆ. ಅದನ್ನು ತೆಗೆದು ಹೆಸರು ಬದಲಿಸಿದ ಮರುಕ್ಷಣವೇ ಕಡತಗಳ ಪಟ್ಟಿ ತೋರಿಸುವ ‘ಎಲ್‌ಎಸ್’ ಎಂದು ಬರೆದರೆ, ಲೈಬ್ರರಿ ಸಿಗುತ್ತಿಲ್ಲವೆಂಬ ಒಂದು ಸಾಲು ಬಂತು. ‘ಎಮ್‌ವಿ’, ‘ಸಿಪಿ’, ‘ಕ್ಯಾಟ್’ ಎಲ್ಲಕ್ಕೂ ಅದೇ ಉತ್ತರ. ಆದರೆ ಆಗಲೇ ತೆರೆದಿದ್ದ ಶೆಲ್ (ನಾವು ಬರೆದ ಆಜ್ಞೆಗಳನ್ನು ಓದಿ ಓಡಿಸುವ ಪ್ರೋಗ್ರಾಂ), ಲೈಬ್ರರಿಯನ್ನು ಮೊದಲೇ ಮೆಮೊರಿಗೆ ಜೋಡಿಸಿಕೊಂಡಿದ್ದರಿಂದ ಬದುಕಿಯೇ ಇತ್ತು. ಶೆಲ್ಲಿನ ಒಳಗೇ ಇರುವ ‘ಎಕೋ’ ಆಜ್ಞೆಗೆ ನಕ್ಷತ್ರಚಿಹ್ನೆ ಕೊಟ್ಟು ಕಡತಗಳ ಪಟ್ಟಿಯನ್ನು ನೋಡಿದೆ. ಸರಿಪಡಿಸದೆ ಯಂತ್ರವನ್ನು ಮತ್ತೆ ಬೂಟ್ ಮಾಡಿದಾಗ, ಬೂಟ್ ಆಗುವಾಗ ಮೊದಲು ಓಡುವ ‘ಇನಿಟ್’ ಪ್ರೋಗ್ರಾಂ ಇಂದಿಗೂ ಸ್ಟ್ಯಾಟಿಕ್ ಆಗಿರುವುದರಿಂದ ಅಲ್ಲಿಯವರೆಗೆ ಬಂದು, ಆರಂಭದ ಸ್ಕ್ರಿಪ್ಟ್ ಓಡದೆ, ಯಾವ ಶೆಲ್ ಬೇಕೆಂದು ಕೇಳುತ್ತ ನಿಂತಿತು. ಸುಮ್ಮನೆ ಎಂಟರ್ ಒತ್ತಿದರೆ ಪ್ರಯೋಜನವಿಲ್ಲ. ‘/ರೆಸ್ಕ್ಯೂ/ಎಸ್‌ಎಚ್’ ಎಂದು ಪೂರ್ತಿ ಬರೆಯಬೇಕು. ಅನಂತರ ಅದೇ ಕೋಶದ ‘ಮೌಂಟ್’ ಆಜ್ಞೆಯಿಂದ ರೂಟ್ ಪಾರ್ಟಿಷನ್ನನ್ನು ಬರೆಯಲು ಬರುವಂತೆ ತೆರೆದು, ಅದೇ ಕೋಶದ ‘ಎಮ್‌ವಿ’ಯಿಂದ ಹಳೆಯ ಹೆಸರನ್ನು ಮರಳಿಸಿದೆ.

ಈ ‘/ರೆಸ್ಕ್ಯೂ’ ಕೋಶವೇ ಡೈನಾಮಿಕ್ ಲಿಂಕಿಂಗ್‌ಗೆ ಕಟ್ಟಿಸಿದ ವಿಮೆ. ನೋಡಲು ಅಲ್ಲಿ ನೂರಕ್ಕೂ ಹೆಚ್ಚು ಆಜ್ಞೆಗಳಿವೆ. ಡಿಸ್ಕಿನಲ್ಲಿ ಕಡತವನ್ನು ಗುರುತಿಸುವ ಐನೋಡ್ ಸಂಖ್ಯೆ ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಒಂದೇ ಸ್ಟ್ಯಾಟಿಕ್ ಕಡತಕ್ಕೆ ಇಟ್ಟ ಬೇರೆ ಬೇರೆ ಹೆಸರುಗಳು. ಯಾವ ಹೆಸರಿನಿಂದ ಕರೆದರೋ ಅದರಂತೆ ಅದು ನಡೆದುಕೊಳ್ಳುತ್ತದೆ.

ಓಪನ್‌ಬಿಎಸ್‌ಡಿಯಲ್ಲಿ ಇದೇ ಕಿಡಿಗೇಡಿತನ ಮಾಡಿದಾಗ ‘ಎಲ್‌ಎಸ್’, ‘ಎಮ್‌ವಿ’ ಏನೂ ಆಗದಂತೆ ಓಡಿದವು. ಇಲ್ಲಿ ಲೈಬ್ರರಿಗಳು ‘/ಯುಎಸ್‌ಆರ್’ ಒಳಗಿವೆ. ಸ್ವಯಂಚಾಲಿತ ಅನುಸ್ಥಾಪನೆಯಲ್ಲಿ ಅದು ಸಾಮಾನ್ಯವಾಗಿ ಪ್ರತ್ಯೇಕ ಪಾರ್ಟಿಷನ್ ಆಗಿರುವುದರಿಂದ, ಅದು ಮೌಂಟ್ ಆಗುವ ಮೊದಲೇ ಬೇಕಾಗುವ ಆಜ್ಞೆಗಳು ತಮ್ಮ ಕಾಲ ಮೇಲೆ ತಾವೇ ನಿಲ್ಲಲೇಬೇಕು. ಹಾಗೆಂದು ಎಲ್ಲವೂ ಸುರಕ್ಷಿತವಲ್ಲ. ‘ವಿಐ’ ಸಂಪಾದಕ ಸತ್ತಿತು, ಪಠ್ಯ ಹುಡುಕುವ ‘ಗ್ರೆಪ್’ ಸತ್ತಿತು, ರೂಟ್ ಅಧಿಕಾರದಲ್ಲಿ ಆಜ್ಞೆ ಓಡಿಸುವ ‘ಡೂಆಸ್’ ಕೂಡ ಸತ್ತಿತು; ‘/ಬಿನ್’ ಒಳಗಿದ್ದ ‘ಇಡಿ’ ಸಂಪಾದಕವೊಂದೇ ಉಳಿಯಿತು. ಮೊದಲೇ ರೂಟ್ ಶೆಲ್ ತೆರೆದಿಟ್ಟುಕೊಂಡಿರದಿದ್ದರೆ ಇಲ್ಲಿಯೂ ಮರಳಿ ಬೂಟ್ ಮಾಡದೆ ಗತಿಯಿರಲಿಲ್ಲ. ದೂರದ ಸರ್ವರ್ ಆಗಿದ್ದರೆ ಎರಡರಲ್ಲಿಯೂ ಎಸ್‌ಎಸ್‌ಎಚ್ ಮೂಲಕ ಹೊಸದಾಗಿ ಒಳಬರುವುದು ಸಾಧ್ಯವಾಗುತ್ತಿರಲಿಲ್ಲ.

ವೇಗದ ವಿಚಾರವನ್ನು ಬೇಗ ಮುಗಿಸಬಹುದು. ಚಿಕ್ಕ ಆಜ್ಞೆಯೊಂದನ್ನು ಲೂಪ್‌ನಲ್ಲಿ ಸಾವಿರ ಸಲ ಓಡಿಸಿದರೆ ಸ್ಟ್ಯಾಟಿಕ್ ಆದದ್ದು ಸ್ಪಷ್ಟವಾಗಿ ಮುಂದಿರುತ್ತದೆ, ಏಕೆಂದರೆ ಪ್ರತಿ ಸಲವೂ ಲೈಬ್ರರಿ ಹುಡುಕಿ ಜೋಡಿಸುವ ಕೆಲಸ ಅದಕ್ಕಿಲ್ಲ. ಕೈಯಿಂದ ಆಜ್ಞೆ ಬರೆಯುವವರಿಗೆ ಅದು ತಿಳಿಯುವುದೇ ಇಲ್ಲ.

ನಿಜವಾದ ವ್ಯತ್ಯಾಸ ಕಂಡದ್ದು ಬಳಕೆದಾರರ ಹೆಸರುಗಳಲ್ಲಿ. ಫ್ರೀಬಿಎಸ್‌ಡಿಯನ್ನೇ ಮೂಲ ಆಜ್ಞೆಗಳನ್ನು ಸ್ಟ್ಯಾಟಿಕ್ ಆಗಿ ಕಟ್ಟುವ ‘ವಿದೌಟ್ ಡೈನಾಮಿಕ್‌ರೂಟ್’ ಆಯ್ಕೆಯೊಂದಿಗೆ ರಾತ್ರಿಯೆಲ್ಲ ಕಂಪೈಲ್ ಮಾಡಿ, ಬಳಕೆದಾರರ ಪಟ್ಟಿಯನ್ನು ಒಂದೇ ಕಡೆ ಇಟ್ಟು ಹಲವು ಯಂತ್ರಗಳಿಗೆ ಒದಗಿಸುವ ಎಲ್‌ಡ್ಯಾಪ್ ಸರ್ವರ್‌ಗೆ ಜೋಡಿಸಿದೆ. ಬೆಳಿಗ್ಗೆ ‘ಎಲ್‌ಎಸ್ -ಎಲ್’ ಕೊಟ್ಟರೆ ಕಡತದ ಒಡೆಯನ ಹೆಸರಿರಬೇಕಾದಲ್ಲಿ ಬರೀ ಅಂಕಿಗಳು. ಶೆಲ್ಲಿನಲ್ಲಿ ಹೆಸರಿನ ಮೊದಲಿಗೆ ಟಿಲ್ಡೆ (~) ಹಾಕಿದರೆ ಮನೆಕೋಶ ಸಿಗಲಿಲ್ಲ. ಹೆಸರು ಹುಡುಕುವ ಎಲ್‌ಡ್ಯಾಪ್ ಮಾಡ್ಯೂಲ್ ಓಡುವ ಹೊತ್ತಿನಲ್ಲಿ ಬಂದು ಕೂಡಿಕೊಳ್ಳುವ ಲೈಬ್ರರಿ, ಸ್ಟ್ಯಾಟಿಕ್ ಆಜ್ಞೆಗೆ ಅದನ್ನು ಒಳಕರೆದುಕೊಳ್ಳುವ ಬಾಗಿಲೇ ಇಲ್ಲ. ಫ್ರೀಬಿಎಸ್‌ಡಿ ಬದಲಾದದ್ದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಲೈಬ್ರರಿ ಹಂಚಿಕೊಳ್ಳುವುದರಿಂದ ಆಗುವ ಡಿಸ್ಕ್ ಉಳಿತಾಯ ನನಗೆ ಗೌಣವಾಗಿ ಕಾಣುತ್ತದೆ.

ಓಪನ್‌ಬಿಎಸ್‌ಡಿಯಲ್ಲಿ ಅದೇ ಸರ್ವರ್‌ನ ಹೆಸರುಗಳು ಸ್ಟ್ಯಾಟಿಕ್ ‘ಎಲ್‌ಎಸ್’ನಲ್ಲಿಯೇ ಸರಿಯಾಗಿ ಬಂದವು. ಅಲ್ಲಿ ಮಾಡ್ಯೂಲ್‌ಗಳ ಬದಲು ‘ವೈಪಿಎಲ್‌ಡ್ಯಾಪ್’ ಎಂಬ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಎಲ್‌ಡ್ಯಾಪ್ ಮಾಹಿತಿಯನ್ನು, ಯಂತ್ರಗಳ ನಡುವೆ ಬಳಕೆದಾರರ ಪಟ್ಟಿ ಹಂಚುವ ಹಳೆಯ ವೈಪಿ ಪದ್ಧತಿಗೆ ಹೊಂದಿಸಿಕೊಡುತ್ತದೆ, ಪಾಸ್‌ವರ್ಡ್ ಪರೀಕ್ಷೆಯನ್ನು ಪ್ರತ್ಯೇಕ ಸಹಾಯಕ ಪ್ರೋಗ್ರಾಂಗಳು ಮಾಡುತ್ತವೆ. ಇದು ನನಗೆ ಹೆಚ್ಚು ಹಿಡಿಸಿತು. ಆದರೂ ಕಚೇರಿಯ ಯಂತ್ರಗಳಿಗೆ ನಾನು ಆರಿಸಿಕೊಂಡದ್ದು ಡೈನಾಮಿಕ್ ಫ್ರೀಬಿಎಸ್‌ಡಿಯನ್ನೇ: ಲೈಬ್ರರಿಯಲ್ಲಿ ದೋಷ ಕಂಡಾಗ ಒಂದು ಕಡತ ಬದಲಿಸಿ, ಅದನ್ನು ಬಳಸುತ್ತಿರುವ ಪ್ರೋಗ್ರಾಂಗಳನ್ನು ಮತ್ತೆ ಆರಂಭಿಸಿದರೆ ಸಾಕು. ಮನೆಯ ಫೈರ್‌ವಾಲ್ ಮಾತ್ರ ಓಪನ್‌ಬಿಎಸ್‌ಡಿಯ ಕೈಯಲ್ಲೇ ಇದೆ.